45 ದಿನಗಳ ಮನೆ: ಎಣಿಕೆ ಯಾವ ದಿನದಿಂದ?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಸಕಲೇಶಪುರ ತಾಲ್ಲೂಕಿನಲ್ಲಿರುವ ನಮ್ಮ ತಂದೆಯ ಕಾಲದ ಜಮೀನಿನಲ್ಲಿ ಮನೆಗೆಂದು 12 ಗುಂಟೆ ಬಿಟ್ಟುಕೊಂಡಿದ್ದೇವೆ. ಅದಕ್ಕೆ ಭೂಪರಿವರ್ತನೆ ಆಗಿದೆ, ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು ಇನ್ನೂ ಕೈಗೆ ಬಂದಿಲ್ಲ. ಅಲ್ಲಿ ಸುಮಾರು 1100 ಚದರ ಅಡಿಯ, ಎರಡು ಮಲಗುವ ಕೋಣೆಗಳ ಮನೆ ಕಟ್ಟಿಸಬೇಕೆಂದಿದ್ದೇವೆ. ಬೆಂಗಳೂರಿನ ಕಂಪನಿಯೊಂದು ಮಾಡ್ಯುಲರ್ ಮನೆಯನ್ನು 45 ದಿನಗಳಲ್ಲಿ ಕಟ್ಟಿ ಕೀಲಿಕೈ ಕೊಡುವುದಾಗಿ ಹೇಳಿ, ಅರ್ಧ ಹಣ ಮುಂಗಡ ಕೇಳುತ್ತಿದೆ. ನಮ್ಮೂರಿನ ಮೇಸ್ತ್ರಿ, ಇಟ್ಟಿಗೆಯ ಮನೆಗೆ ಹತ್ತು ತಿಂಗಳು ಬೇಕು, ಆ ತಗಡಿನ ಮನೆ ನಮ್ಮ ಗಾಳಿಗೆ ನಿಲ್ಲುವುದಿಲ್ಲ ಎನ್ನುತ್ತಾರೆ. ಜರ್ಮನಿಯಲ್ಲಿರುವ ಮಗ, ಅಲ್ಲಿ ಎರಡೇ ದಿನದಲ್ಲಿ ಮನೆ ನಿಲ್ಲಿಸುವುದನ್ನು ಕಣ್ಣಾರೆ ನೋಡಿದ್ದೇನೆ, ಮೇಸ್ತ್ರಿಯ ಮಾತು ಕೇಳಬೇಡಿ ಎನ್ನುತ್ತಾನೆ. ಇಂಥ ಮನೆಗೆ ಪರವಾನಗಿ ಬೇಡ ಎಂದೂ ಕೆಲವರು ಹೇಳಿದರು. ನಮ್ಮ ಜಾಗಕ್ಕೆ ಹೋಗುವ ದಾರಿ 12 ಅಡಿ ಅಗಲದ ಮಣ್ಣಿನ ರಸ್ತೆ, ನಡುವೆ ಒಂದು ಹಳೆಯ ಮೋರಿ ಇದೆ. ಈಗ ಆಗಸ್ಟ್. ಯುಗಾದಿಯ ಹೊತ್ತಿಗೆ ಗೃಹಪ್ರವೇಶ ಆಗಬೇಕೆಂಬುದು ನಮ್ಮ ಆಸೆ. ಇದು ಆಗುವ ಮಾತೇ? ಮುಂಗಡ ಕೊಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಆತಂಕ ಒಂದೇ. 45 ದಿನ ಎನ್ನುವ ಕಂಪನಿಯನ್ನು ನಂಬುವುದೋ, ಹತ್ತು ತಿಂಗಳು ಎನ್ನುವ ಮೇಸ್ತ್ರಿಯನ್ನು ನಂಬುವುದೋ ಎಂಬುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೇಸ್ತ್ರಿ ಪಾಯ ಅಗೆಯುವ ದಿನದಿಂದ ಸುಣ್ಣ-ಬಣ್ಣ ಮುಗಿಯುವ ದಿನದವರೆಗೆ ಎಣಿಸುತ್ತಾರೆ. ಕಂಪನಿಯವರು ನಕ್ಷೆಗೆ ನಿಮ್ಮ ಕೊನೆಯ ಸಹಿ ಬಿದ್ದು, ಮುಂಗಡ ಜಮೆಯಾಗಿ, ಪಾಯ ಸಿದ್ಧವಾಗಿ, ಲಾರಿ ಬರಲು ದಾರಿ ಇದೆ ಎಂದು ಖಾತ್ರಿಯಾದ ನಂತರದ ದಿನಗಳನ್ನು ಮಾತ್ರ ಎಣಿಸುತ್ತಾರೆ. ಅದಕ್ಕೆ ಮೊದಲು ಮತ್ತು ಅದರ ನಂತರ ನಡೆಯಬೇಕಾದ ಕೆಲಸಗಳೆಲ್ಲ ನಿಮ್ಮ ಲೆಕ್ಕಕ್ಕೆ ಸೇರಿದವು, ಅವರ ಲೆಕ್ಕಕ್ಕಲ್ಲ. ನಿಮ್ಮ ಪರಿಸ್ಥಿತಿಯಲ್ಲಿ ಇಂದಿನಿಂದ ಒಲೆ ಹಚ್ಚಿ ಹಾಲು ಉಕ್ಕಿಸುವ ದಿನದವರೆಗೆ ಆರರಿಂದ ಏಳು ತಿಂಗಳು ಹಿಡಿಯಬೇಕು. ಅಂದರೆ ಯುಗಾದಿಗೆ ಗೃಹಪ್ರವೇಶ ಸಾಧ್ಯ, ಆದರೆ ಸಮಯ ಬಿಗಿಯಾಗಿದೆ. ಇ-ಸ್ವತ್ತು ಸೆಪ್ಟೆಂಬರ್ ಒಳಗೆ ಬರಬೇಕು, ನಕ್ಷೆಯನ್ನು ಒಮ್ಮೆ ಒಪ್ಪಿದ ಮೇಲೆ ಮನೆಯವರು ಯಾರೂ ಅದನ್ನು ಬದಲಿಸಬಾರದು. ಈ ಎರಡರಲ್ಲಿ ಒಂದು ತಪ್ಪಿದರೂ ಗೃಹಪ್ರವೇಶ ಮುಂದಿನ ಮಳೆಗಾಲದ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಮೊದಲು ‘ಮಾಡ್ಯುಲರ್’ ಎಂಬ ಹೆಸರಿನಲ್ಲಿ ನಿಮಗೆ ಮಾರುತ್ತಿರುವುದು ಏನು ಎಂದು ಕೇಳಿ ತಿಳಿದುಕೊಳ್ಳಿ. ನಮ್ಮ ಮಾರುಕಟ್ಟೆಯಲ್ಲಿ ಈ ಹೆಸರಿನಡಿ ಕನಿಷ್ಠ ಮೂರು ಬಗೆಯ ಮನೆಗಳಿವೆ, ಮೂರಕ್ಕೂ ತಗಲುವ ಕಾಲ ಬೇರೆ ಬೇರೆ. ಒಂದು, ಕೋಣೆಗಳನ್ನೇ ಕಾರ್ಖಾನೆಯಲ್ಲಿ ಪೆಟ್ಟಿಗೆಯ ರೂಪದಲ್ಲಿ ಕಟ್ಟಿ, ಒಳಗಿನ ವೈರಿಂಗ್, ಟೈಲ್ಸ್, ಬಚ್ಚಲಿನ ನಲ್ಲಿಗಳವರೆಗೆ ಅಲ್ಲೇ ಮುಗಿಸಿ, ಟ್ರೈಲರ್ ಲಾರಿಯಲ್ಲಿ ತಂದು ಕ್ರೇನಿನಿಂದ ಇಳಿಸಿ ಜೋಡಿಸುವುದು. ಹಡಗಿನ ಹಳೆಯ ಕಂಟೇನರುಗಳನ್ನು ಮನೆಯಾಗಿ ಪರಿವರ್ತಿಸುವುದೂ ಸ್ಥೂಲವಾಗಿ ಇದೇ ಗುಂಪಿನದು. ಎರಡನೆಯದು, ಸತು ಲೇಪಿಸಿದ ತೆಳು ಉಕ್ಕಿನ ಪಟ್ಟಿಗಳಿಂದ ಗೋಡೆಯ ಚೌಕಟ್ಟುಗಳನ್ನು ಮಾಡಿ, ಅವನ್ನು ಬಿಡಿಬಿಡಿಯಾಗಿ ತಂದು ಸ್ಥಳದಲ್ಲಿ ಸ್ಕ್ರೂ ಮತ್ತು ಬೋಲ್ಟ್‌ಗಳಿಂದ ಕೂಡಿಸಿ, ಹೊರಗೆ ಸಿಮೆಂಟ್ ಬೋರ್ಡು, ನಡುವೆ ಉಣ್ಣೆಯಂಥ ಶಾಖನಿರೋಧಕ, ಒಳಗೆ ಜಿಪ್ಸಮ್ ಬೋರ್ಡು ಹೊಡೆಯುವುದು. ಈ ಕ್ಷೇತ್ರದವರು ಇದನ್ನು ಎಲ್‌ಜಿಎಸ್‌ಎಫ್ ಎನ್ನುತ್ತಾರೆ, 45 ದಿನದ ಭರವಸೆ ಹೆಚ್ಚಾಗಿ ಕೇಳಿಬರುವುದು ಈ ಬಗೆಯ ಮನೆಗೆ. ಮೂರನೆಯದು, ಕಾಂಕ್ರೀಟಿನ ಗೋಡೆ ಮತ್ತು ಚಪ್ಪಡಿಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ನಿಲ್ಲಿಸುವ ಪ್ರೀಕಾಸ್ಟ್. ಒಂದೇ ಅಚ್ಚಿನಲ್ಲಿ ನೂರಾರು ಮನೆ ಕಟ್ಟುವ ಬಡಾವಣೆಗೆ ಇದು ಹೇಳಿಮಾಡಿಸಿದ ವಿಧಾನ, ಒಂಟಿ ಮನೆಗೆ ಹೊಂದುವುದು ಅಪರೂಪ.

ನಿಮ್ಮ ಜಾಗಕ್ಕೆ ಯಾವುದು ಸೂಕ್ತ ಎಂಬುದನ್ನು ಕಂಪನಿಗಿಂತ ಮೊದಲು ನಿಮ್ಮ ಆ ಹಳೆಯ ಮೋರಿಯೇ ತೀರ್ಮಾನಿಸಿಬಿಟ್ಟಿದೆ. ಮೋಟಾರು ವಾಹನ ನಿಯಮಗಳ ಪ್ರಕಾರ ವಿಶೇಷ ಅನುಮತಿಯಿಲ್ಲದೆ ರಸ್ತೆಯಲ್ಲಿ ಸಾಗುವ ವಾಹನದ ಅಗಲ 2.6 ಮೀಟರ್ ಮೀರುವಂತಿಲ್ಲ. ಹೀಗಾಗಿ ಪೆಟ್ಟಿಗೆಯ ಕೋಣೆಗಳು ಸಾಮಾನ್ಯವಾಗಿ ಎಂಟು ಅಡಿಯ ಆಸುಪಾಸಿನಲ್ಲೇ ಉಳಿಯುತ್ತವೆ, ಉದ್ದ ಮಾತ್ರ 20 ಅಥವಾ 40 ಅಡಿ ಇರುತ್ತದೆ. ಬೆಂಗಳೂರಿನಿಂದ ಹಾಸನ ದಾಟಿ ಸಕಲೇಶಪುರದವರೆಗೆ ಹೆದ್ದಾರಿಯಲ್ಲಿ ಇದನ್ನು ತರುವುದಕ್ಕೆ ತೊಂದರೆಯಿಲ್ಲ. ಎಡವಟ್ಟಾಗುವುದು ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ. 12 ಅಡಿಯ ರಸ್ತೆಯಲ್ಲಿ ನೇರವಾಗಿ ಹೋಗಬಹುದಾದ ಟ್ರೈಲರ್ ಎಸ್ಟೇಟಿನ ತಿರುವಿನಲ್ಲಿ ಹೊರಳುವುದಿಲ್ಲ. ಕಾಫಿ ತೋಟದ ನೆರಳಿನ ಮರಗಳ ಕೊಂಬೆಗಳು ಮತ್ತು ಜೋತುಬಿದ್ದ ವಿದ್ಯುತ್ ತಂತಿಗಳು ಪೆಟ್ಟಿಗೆಯ ನೆತ್ತಿಗೆ ತಗಲುತ್ತವೆ. ಮೋರಿಯ ಮೇಲೆ ಟ್ರೈಲರ್ ಮಾತ್ರವಲ್ಲ, ಅದಕ್ಕಿಂತ ಮುಂಚೆ ಕ್ರೇನ್ ದಾಟಬೇಕು. ಹಳೆಯ ಕಲ್ಲಿನ ಮೋರಿ ಎಷ್ಟು ತೂಕ ತಾಳೀತು ಎಂದು ಕಣ್ಣಳತೆಯಲ್ಲಿ ಹೇಳುವ ಧೈರ್ಯ ಯಾವ ಎಂಜಿನಿಯರಿಗೂ ಇರಬಾರದು. ಇನ್ನು ಕ್ರೇನಿನ ವಿಷಯದಲ್ಲೂ ಒಂದು ಭ್ರಮೆಯಿದೆ. ‘14 ಟನ್ ಹೈಡ್ರಾ’ ಕ್ರೇನು ಎಂದರೆ ತೋಳನ್ನು ಮಡಚಿಕೊಂಡು ಹತ್ತಿರದಲ್ಲಿ ಎತ್ತುವಾಗ 14 ಟನ್. ತೋಳು ಚಾಚಿದಷ್ಟೂ ಅದರ ಶಕ್ತಿ ಕುಗ್ಗುತ್ತದೆ. ಕ್ರೇನು ಪಾಯದ ಪಕ್ಕಕ್ಕೇ ಬರಲಾಗದಿದ್ದರೆ ನಾಲ್ಕೈದು ಟನ್ನಿನ ಪೆಟ್ಟಿಗೆಯನ್ನೂ ಅದು ಸುರಕ್ಷಿತವಾಗಿ ಇಳಿಸಲಾರದು. ಆದ್ದರಿಂದ ನಿಮಗೆ ಎಲ್‌ಜಿಎಸ್‌ಎಫ್ ಒಂದೇ ಯೋಗ್ಯ ದಾರಿ. ಅದರ ಗೋಡೆಯ ಚೌಕಟ್ಟನ್ನು ನಾಲ್ಕು ಆಳು ಹೊತ್ತು ನಡೆಯಬಹುದು, ಸರಕೆಲ್ಲ ಸಣ್ಣ ಕ್ಯಾಂಟರ್ ಲಾರಿಯಲ್ಲಿ ಬರುತ್ತದೆ.

ಈಗ ಕಾಲದ ಲೆಕ್ಕಕ್ಕೆ ಬರೋಣ. ಎಲ್‌ಜಿಎಸ್‌ಎಫ್ ಕಾರ್ಖಾನೆಯಲ್ಲಿ ಯಂತ್ರದ ಕೆಲಸ ನಿಜಕ್ಕೂ ಬೆರಗು ಹುಟ್ಟಿಸುವಷ್ಟು ವೇಗದ್ದು. ನಕ್ಷೆಯನ್ನು ಗಣಕಕ್ಕೆ ಕೊಟ್ಟರೆ ಉಕ್ಕಿನ ಸುರುಳಿ ಒಂದು ಬದಿಯಿಂದ ಒಳಹೋಗಿ, ಅಳತೆಗೆ ತುಂಡಾಗಿ, ಸ್ಕ್ರೂ ಕೂರುವ ತೂತುಗಳ ಸಮೇತ ಇನ್ನೊಂದು ಬದಿಯಿಂದ ಹೊರಬರುತ್ತದೆ. 1100 ಚದರ ಅಡಿಯ ಮನೆಯ ಅಷ್ಟೂ ಪಟ್ಟಿಗಳು ಕೆಲವೇ ದಿನಗಳಲ್ಲಿ ಸಿದ್ಧವಾಗುತ್ತವೆ. ಆದರೆ ಯಂತ್ರದ ಸರದಿಗೆ ಕಾಯುವುದು, ಉಕ್ಕಿನ ಸುರುಳಿ ತರಿಸುವುದು, ಪಟ್ಟಿಗಳನ್ನು ಕೂಡಿಸಿ ಚೌಕಟ್ಟು ಮಾಡುವುದು ಎಲ್ಲ ಸೇರಿ ಮೂರು ನಾಲ್ಕು ವಾರ ಬೇಕು. ಸ್ಥಳದಲ್ಲಿ ಚೌಕಟ್ಟುಗಳನ್ನು ನಿಲ್ಲಿಸಿ ಚಾವಣಿಯ ಉಕ್ಕು ಕೂರಿಸಲು ಒಂದೂವರೆ ವಾರ. ಊರಿನವರು ಬಂದು ನೋಡಿ ‘ಅಯ್ಯೋ, ಮನೆ ಮುಗಿದೇ ಹೋಯಿತಲ್ಲ’ ಎನ್ನುವುದು ಈ ಹಂತದಲ್ಲಿ. ನನ್ನ ಅನುಭವದಲ್ಲಿ ಮನೆಯ ಯಜಮಾನರ ತಾಳ್ಮೆ ಕೆಡುವುದು ಇದರ ನಂತರ. ಅಸ್ಥಿಪಂಜರ ಹತ್ತು ದಿನದಲ್ಲಿ ಎದ್ದ ಮನೆಗೆ ಬೋರ್ಡು ಹೊಡೆಯಲು, ಅವುಗಳ ಸಂದಿಗಳಿಗೆ ಟೇಪು ಹಚ್ಚಿ ಲೇಪ ಕೊಡಲು, ಗೋಡೆಯೊಳಗೆ ವೈರು-ಪೈಪು ಎಳೆಯಲು, ಬಚ್ಚಲಿಗೆ ನೀರು ಸೋರದ ಲೇಪ ಹಾಕಿ ನೀರು ನಿಲ್ಲಿಸಿ ಪರೀಕ್ಷಿಸಲು, ಟೈಲ್ಸ್, ಬಾಗಿಲು, ಬಣ್ಣ ಮುಗಿಸಲು ಇನ್ನೂ ಆರರಿಂದ ಎಂಟು ವಾರ ಹಿಡಿಯುತ್ತದೆ. ಇಲ್ಲಿ ಉಳಿತಾಯವಾಗುವುದು ಗಾರೆ ಒಣಗಲು ಕಾಯುವ ಸಮಯವಷ್ಟೇ. ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಬಣ್ಣದವರ ಕೆಲಸ ಇಟ್ಟಿಗೆಯ ಮನೆಯಲ್ಲಿ ಎಷ್ಟೋ ಇಲ್ಲೂ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ಉಳಿತಾಯ ಎಲ್ಲಿಂದ ಬರುತ್ತದೆ? ಎರಡು ಕೆಲಸ ಏಕಕಾಲದಲ್ಲಿ ನಡೆಯುವುದರಿಂದ. ಇಟ್ಟಿಗೆಯ ಮನೆಯಲ್ಲಿ ಪಾಯ ಮುಗಿಯದೆ ಗೋಡೆ ಏಳುವುದಿಲ್ಲ, ಗೋಡೆ ಏಳದೆ ಸೆಂಟ್ರಿಂಗ್ ಇಲ್ಲ, ಮೋಲ್ಡ್ ಹಾಕಿ ಸೆಂಟ್ರಿಂಗ್ ಬಿಚ್ಚುವವರೆಗೆ ಒಳಗೆ ಯಾರಿಗೂ ಕೆಲಸವಿಲ್ಲ. ಇಲ್ಲಿ ನಿಮ್ಮ ಜಾಗದಲ್ಲಿ ಪಾಯದ ಕಾಂಕ್ರೀಟು ನೀರು ಕುಡಿಯುತ್ತಿರುವಾಗಲೇ ಬೆಂಗಳೂರಿನಲ್ಲಿ ಗೋಡೆಗಳು ಸಿದ್ಧವಾಗುತ್ತಿರುತ್ತವೆ. ಈ ಜೋಡಿ ಓಟವನ್ನು ಸರಿಯಾಗಿ ಹೊಂದಿಸಿದರೆ ಮೂರರಿಂದ ನಾಲ್ಕು ತಿಂಗಳು ಉಳಿಯುತ್ತದೆ, ಹೊಂದಿಸದಿದ್ದರೆ ಒಂದು ದಿನವೂ ಉಳಿಯುವುದಿಲ್ಲ. ಚೌಕಟ್ಟುಗಳು ಬಂದು ಟಾರ್ಪಾಲಿನಡಿ ಪಾಯಕ್ಕಾಗಿ ಕಾಯುವುದನ್ನೂ, ಪಾಯ ಮುಗಿದು ಪಾಚಿ ಕಟ್ಟಿದರೂ ಚೌಕಟ್ಟು ಬರದಿರುವುದನ್ನೂ ನಾನು ಸಾಕಷ್ಟು ನೋಡಿದ್ದೇನೆ. ಅಂದಹಾಗೆ, ಪಾಯದ ಅವಧಿಯನ್ನು ಯಾವ ಕಂಪನಿಯೂ ಕಡಿಮೆ ಮಾಡಲಾರದು. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಬಳಸಿದರೆ ಕನಿಷ್ಠ ಹತ್ತು ದಿನ ನೀರುಣಿಸಿ ಕ್ಯೂರಿಂಗ್ ಮಾಡಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ಹೇಳುತ್ತದೆ, 14 ದಿನ ಮಾಡಿದರೆ ಒಳಿತು. ಅಗೆತ, ಕಂಬಿ, ಎರಕ, ಕ್ಯೂರಿಂಗ್ ಸೇರಿ ನಾಲ್ಕು ವಾರ ಇಟ್ಟುಕೊಳ್ಳಿ. ಜಾಗ ಇಳಿಜಾರಾಗಿದ್ದು ತಡೆಗೋಡೆ ಬೇಕಾದರೆ ಇನ್ನೂ ಮೂರು ವಾರ.

ನಿಮ್ಮ ಮಗ ಹೇಳಿದ್ದು ನಿಜ, ಆದರೆ ಅವರು ನೋಡಿದ್ದು ಕತೆಯ ನಡುವಿನ ಒಂದು ಅಧ್ಯಾಯ. ಜರ್ಮನಿಯಲ್ಲಿ ಹೊಸದಾಗಿ ಕಟ್ಟುವ ಒಂದು-ಎರಡು ಕುಟುಂಬಗಳ ಮನೆಗಳಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳು ಇಂಥ ಕಾರ್ಖಾನೆಯ ಮನೆಗಳು. ಬಹುಪಾಲು ಮರದ ಚೌಕಟ್ಟಿನವು. ಹೊರಗೋಡೆ ಮತ್ತು ಚಾವಣಿ ಒಂದೆರಡು ದಿನಗಳಲ್ಲಿ ಏಳುವುದು ಅಲ್ಲಿ ಸಾಮಾನ್ಯ ದೃಶ್ಯ. ಆದರೆ ಆ ಎರಡು ದಿನಗಳ ಹಿಂದೆ ಪರವಾನಗಿ, ಕಿಟಕಿ-ಸ್ವಿಚ್ಚುಗಳವರೆಗಿನ ಆಯ್ಕೆ, ಕಾರ್ಖಾನೆಯ ಸರದಿ ಎಂದು ಅನೇಕ ತಿಂಗಳುಗಳಿರುತ್ತವೆ, ಅದರ ನಂತರ ಒಳಗಿನ ಕೆಲಸದ ತಿಂಗಳುಗಳಿರುತ್ತವೆ. ಒಪ್ಪಂದದ ಸಹಿಯಿಂದ ವಾಸಕ್ಕೆ ಬರುವವರೆಗೆ ವರ್ಷ ಹಿಡಿದರೆ ಅಲ್ಲಿ ಯಾರೂ ಅಚ್ಚರಿಪಡುವುದಿಲ್ಲ. ಮಗನನ್ನೇ ಕೇಳಿ ನೋಡಿ, ಆ ಮನೆಯವರು ಒಪ್ಪಂದ ಮಾಡಿಕೊಂಡದ್ದು ಯಾವಾಗ ಎಂದು.

ನಮ್ಮಲ್ಲಿಯ ಉದಾಹರಣೆಯೇ ಬೇಕೆಂದರೆ ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟಿನ ಅಂಚೆ ಕಚೇರಿ ಇದೆ. ಅದು ಮಾಡ್ಯುಲರ್ ಅಲ್ಲ, ಯಂತ್ರದಿಂದ ಕಾಂಕ್ರೀಟನ್ನು ಪದರ ಪದರವಾಗಿ ಮುದ್ರಿಸಿ ಕಟ್ಟಿದ 1021 ಚದರ ಅಡಿಯ ಕಟ್ಟಡ, ಹೆಚ್ಚುಕಡಿಮೆ ನಿಮ್ಮ ಮನೆಯಷ್ಟೇ ದೊಡ್ಡದು. 2023ರ ಮಾರ್ಚ್‌ನಲ್ಲಿ ಶುರುವಾದ ಕಟ್ಟಡದ ಕೆಲಸ ಸುಮಾರು ಒಂದೂವರೆ ತಿಂಗಳಲ್ಲಿ, ಗಡುವಿನೊಳಗೇ ಮುಗಿಯಿತು. ಆದರೆ ಒಳಚರಂಡಿ ಮತ್ತು ನೀರಿನ ಸಂಪರ್ಕದ ಕೆಲಸ ಹಿಂದೆ ಬಿದ್ದು, ಉದ್ಘಾಟನೆ ನಡೆದದ್ದು ಆಗಸ್ಟ್ 18ರಂದು. ಸರ್ಕಾರದ್ದೇ ಕಚೇರಿ, ದೇಶದ ಗಮನ ಸೆಳೆದಿದ್ದ ಕಟ್ಟಡ, ರಾಜಧಾನಿಯ ನಡುಮಧ್ಯದ ಜಾಗ. ಅಲ್ಲೇ ಹೀಗಾದರೆ ಸಕಲೇಶಪುರದ ಮಣ್ಣಿನ ರಸ್ತೆಯ ತುದಿಯಲ್ಲಿ ಎಷ್ಟು ಎಚ್ಚರ ಬೇಕೆಂದು ಯೋಚಿಸಿ. ಕೇಂದ್ರ ಸರ್ಕಾರದ ಲೈಟ್ ಹೌಸ್ ಯೋಜನೆಯಲ್ಲೂ ಇದೇ ಪಾಠವಿದೆ. 2021ರ ಜನವರಿ 1ರಂದು ಆರು ನಗರಗಳಲ್ಲಿ ಹೊಸ ತಂತ್ರಜ್ಞಾನದ ವಸತಿ ಸಮುಚ್ಚಯಗಳಿಗೆ ಶಂಕುಸ್ಥಾಪನೆಯಾಗಿ, ಹನ್ನೆರಡು ತಿಂಗಳಲ್ಲಿ ಮುಗಿಸುವ ಗುರಿ ಇಡಲಾಗಿತ್ತು. ಚೆನ್ನೈನ ಪ್ರೀಕಾಸ್ಟ್ ಸಮುಚ್ಚಯ 1152 ಮನೆಗಳದು. ಕೋವಿಡ್‌ನ ಎರಡನೆಯ ಅಲೆಯನ್ನೂ ದಾಟಿ ಅದು ಉದ್ಘಾಟನೆಗೊಂಡದ್ದು 2022ರ ಮೇ 26ರಂದು, ಸುಮಾರು ಹದಿನೇಳು ತಿಂಗಳಿಗೆ. ಸಾವಿರಕ್ಕೂ ಹೆಚ್ಚು ಮನೆಗಳಿಗೆ ಇದು ಖಂಡಿತ ಒಳ್ಳೆಯ ವೇಗ. ಹೇಳಿದ ದಿನ ಮತ್ತು ಮುಗಿದ ದಿನದ ನಡುವಿನ ಅಂತರ ಮಾತ್ರ ಗಮನಿಸಬೇಕಾದದ್ದು.

ಇನ್ನು ಪರವಾನಗಿ ಬೇಡ ಎಂಬ ಮಾತು. ಇದು ಅಪಾಯಕಾರಿ ತಪ್ಪು ತಿಳಿವಳಿಕೆ. ಗೋಡೆ ಇಟ್ಟಿಗೆಯದೋ ಉಕ್ಕಿನದೋ ಎಂದು ಕಾನೂನು ಕೇಳುವುದಿಲ್ಲ. ನೆಲಕ್ಕೆ ಪಾಯ ಹಾಕಿ ಜನ ವಾಸಿಸುವ ಮನೆ ಕಟ್ಟುತ್ತಿದ್ದೀರಾ ಎಂದಷ್ಟೇ ಕೇಳುತ್ತದೆ. ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಕಲಮಿನಡಿ ನಿಮ್ಮ ಜಾಗಕ್ಕೆ ಪರಿವರ್ತನೆ ಆಗಿರುವುದು ದೊಡ್ಡ ಸಮಾಧಾನ, ಏಕೆಂದರೆ ಈ ಬಗೆಯ ಯೋಜನೆಗಳಲ್ಲಿ ಹೆಚ್ಚು ತಿಂಗಳು ನುಂಗುವುದು ಅದೇ. ಉಳಿದಿರುವುದು ಇ-ಸ್ವತ್ತಿನ ನಮೂನೆಗಳು ಮತ್ತು ಗ್ರಾಮ ಪಂಚಾಯಿತಿಯ ಕಟ್ಟಡ ಪರವಾನಗಿ. ಇ-ಸ್ವತ್ತಿಗೆ ಮೋಜಣಿ ನಕ್ಷೆ ಬೇಕಾಗುವುದರಿಂದ ಸರ್ವೆಯವರ ದಿನಾಂಕಕ್ಕೆ ಕಾಯಬೇಕಾಗಬಹುದು. ಈ ವಾರವೇ ಪಿಡಿಒ ಅವರನ್ನು ಕಂಡು ಯಾವ ಕಾಗದ ಎಲ್ಲಿ ನಿಂತಿದೆ ಎಂದು ವಿಚಾರಿಸಿ. ಪರವಾನಗಿ ಇಲ್ಲದೆ ಕಟ್ಟಿದರೆ ಮನೆ ನಿಲ್ಲುತ್ತದೆ, ದೀಪ ಹತ್ತುವುದಿಲ್ಲ. ಕಟ್ಟಡದ ದಾಖಲೆಗಳು ಕ್ರಮಬದ್ಧವಾಗಿದ್ದರೆ ಮಾತ್ರ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ವಿದ್ಯುತ್ ಕಂಪನಿಗಳು ಬಿಗಿಯಾಗಿವೆ. ಕಂಬ ಎಷ್ಟು ದೂರವಿದೆ, ಹೊಸ ಕಂಬ ನೆಡಬೇಕೆ ಎಂಬುದನ್ನು ನಿಮ್ಮ ಭಾಗದ ವಿದ್ಯುತ್ ಕಂಪನಿಯಾದ ಸೆಸ್ಕ್‌ನ ಸೆಕ್ಷನ್ ಆಫೀಸಿನಲ್ಲಿ ಈಗಲೇ ಕೇಳಿ, ಕಟ್ಟುವ ಅವಧಿಗೆ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಕೊಡಿ. ಇಂಥ ಮನೆಯ ಜೋಡಣೆಯೆಲ್ಲ ವಿದ್ಯುತ್ ಉಪಕರಣಗಳಿಂದಲೇ ನಡೆಯುವುದರಿಂದ, ಸಂಪರ್ಕವಿಲ್ಲದಿದ್ದರೆ ಜನರೇಟರಿನ ಡೀಸೆಲ್ ಖರ್ಚು ನಿಮ್ಮ ತಲೆಗೆ ಬರುತ್ತದೆ.

ನಕ್ಷೆ ಬದಲಿಸಬಾರದು ಎಂದು ಮೊದಲೇ ಹೇಳಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುವ ಅಗತ್ಯವಿದೆ, ಏಕೆಂದರೆ ನಮ್ಮ ಕುಟುಂಬಗಳು ಮನೆ ಕಟ್ಟುವ ರೀತಿಗೂ ಈ ತಂತ್ರಜ್ಞಾನಕ್ಕೂ ನಿಜವಾದ ಜಗಳ ಇರುವುದು ಇಲ್ಲೇ. ನಾವು ಮನೆಯನ್ನು ಕಾಗದದ ಮೇಲೆ ನೋಡಿ ತೀರ್ಮಾನಿಸುವವರಲ್ಲ. ಗೋಡೆ ಸೊಂಟದ ಮಟ್ಟಕ್ಕೆ ಬಂದಾಗ ಒಳಗೆ ನಿಂತು, ಕಿಟಕಿ ಇನ್ನೊಂದು ಅಡಿ ಆಚೆಗಿರಲಿ, ದೇವರ ಕೋಣೆ ಸ್ವಲ್ಪ ದೊಡ್ಡದಾಗಲಿ ಎನ್ನುತ್ತೇವೆ. ಮೇಸ್ತ್ರಿ ಎರಡು ವರಸೆ ಇಟ್ಟಿಗೆ ಕಿತ್ತು ಸರಿಪಡಿಸುತ್ತಾರೆ. ಉಕ್ಕಿನ ಚೌಕಟ್ಟಿನಲ್ಲಿ ಕಿಟಕಿಯ ಮೇಲಿನ ಪಟ್ಟಿ ಚಾವಣಿಯ ಭಾರವನ್ನು ಎರಡೂ ಬದಿಗೆ ಹಂಚುವಂತೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅದನ್ನು ಒಂದು ಅಡಿ ಸರಿಸುವುದೆಂದರೆ ಲೆಕ್ಕ, ನಕ್ಷೆ, ತಯಾರಿಕೆ, ಸಾಗಣೆ ಎಲ್ಲ ಮತ್ತೊಮ್ಮೆ. ಒಂದು ಕಿಟಕಿಗೆ ಮೂರು ವಾರ ಹೋದರೆ ಅದನ್ನು ಕಂಪನಿಯ ವಿಳಂಬ ಎನ್ನಲಾಗದು. ಆದ್ದರಿಂದ ವಾಸ್ತು ನೋಡುವವರನ್ನು ಕರೆಸುವುದಿದ್ದರೆ ಚೌಕಟ್ಟು ನಿಂತ ಮೇಲೆ ಕರೆಸಬೇಡಿ, ನಕ್ಷೆ ಮೇಜಿನ ಮೇಲಿರುವಾಗಲೇ ಕರೆಸಿ. ಮಗನಿಗೂ ಅಭಿಪ್ರಾಯ ಹೇಳಲು ಅದೇ ಗಡುವು ಕೊಡಿ. ಖಾಲಿ ಜಾಗದಲ್ಲಿ ಸುಣ್ಣದ ಪುಡಿಯಿಂದ ಪೂರ್ತಿ ಮನೆಯನ್ನು ಗೆರೆ ಎಳೆಸಿ, ಮನೆಯವರೆಲ್ಲ ಅದರೊಳಗೆ ಓಡಾಡಿ ನೋಡಿ. ಫ್ರಿಜ್ ಎಲ್ಲಿ, ಗ್ರೈಂಡರ್ ಎಲ್ಲಿ, ಗೀಸರ್ ಎಲ್ಲಿ, ಗೋಡೆಗೆ ಭಾರದ ಕಪಾಟು ತೂಗುಹಾಕುವುದು ಎಲ್ಲಿ ಎಂದು ಬರೆದುಕೊಡಿ. ಬೋರ್ಡಿನ ಗೋಡೆಗೆ ಎಲ್ಲೆಂದರಲ್ಲಿ ಮೊಳೆ ಹೊಡೆಯಲಾಗದು, ಭಾರ ಬರುವ ಕಡೆ ಒಳಗೆ ಹೆಚ್ಚಿನ ಉಕ್ಕು ಮೊದಲೇ ಕೂರಿಸಬೇಕು. ಇದಕ್ಕೆಲ್ಲ ನಾಲ್ಕು ವಾರ ಕೊಟ್ಟರೂ ನಷ್ಟವಿಲ್ಲ, ಇ-ಸ್ವತ್ತು ಬರುವವರೆಗೆ ಹೇಗೂ ಕಾಯಲೇಬೇಕಲ್ಲ.

ಮೇಸ್ತ್ರಿ ಎತ್ತಿದ ಗಾಳಿಯ ಪ್ರಶ್ನೆ ಸರಿಯಾದದ್ದು, ಅವರ ತೀರ್ಮಾನ ಸರಿಯಲ್ಲ. ಕಟ್ಟಡಗಳು ತಾಳಬೇಕಾದ ಭಾರಗಳ ಭಾರತೀಯ ಮಾನಕವಾದ ಐಎಸ್ 875ರ ಮೂರನೆಯ ಭಾಗದಲ್ಲಿ ಊರೂರಿಗೆ ಗಾಳಿಯ ಮೂಲವೇಗ ಕೊಟ್ಟಿದ್ದಾರೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಅಂದರೆ ಗಂಟೆಗೆ ಸುಮಾರು 120 ಮತ್ತು 140 ಕಿಲೋಮೀಟರ್. ಬೆಟ್ಟದ ನೆತ್ತಿಯಲ್ಲಿ ಅಥವಾ ಕಣಿವೆಯ ಬಾಯಲ್ಲಿ ಮನೆಯಿದ್ದರೆ ಇದನ್ನು ಮೂರನೆಯ ಒಂದು ಭಾಗದಷ್ಟು ಏರಿಸಿ ಲೆಕ್ಕ ಹಾಕಬೇಕಾಗಬಹುದು. ಸರಿಯಾಗಿ ಲೆಕ್ಕ ಹಾಕಿದ ಉಕ್ಕಿನ ಮನೆ ಈ ಗಾಳಿಯನ್ನು ತಾಳುತ್ತದೆ. ಆದರೆ ಅದು ಹಗುರವಾದ್ದರಿಂದ ಗಾಳಿ ಅದನ್ನು ಪಕ್ಕಕ್ಕೆ ತಳ್ಳುವುದಕ್ಕಿಂತ ಮೇಲಕ್ಕೆ ಎತ್ತಲು ನೋಡುತ್ತದೆ. ಇಟ್ಟಿಗೆಯ ಮನೆಯನ್ನು ಅದರ ಭಾರವೇ ಹಿಡಿದಿಡುತ್ತದೆ, ಇದನ್ನು ಪಾಯಕ್ಕೆ ಬಿಗಿದ ಬೋಲ್ಟುಗಳು ಹಿಡಿದಿಡಬೇಕು. ಕಂಪನಿಯಿಂದ ನಿಮ್ಮ ಜಾಗದ ಗಾಳಿಗೆ ಮಾಡಿದ ಲೆಕ್ಕದ ಪ್ರತಿ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿಯೊಂದಿಗೆ, ಕೇಳಿ ಪಡೆಯಿರಿ. ಬೆಂಗಳೂರಿನ ಮನೆಯ ಲೆಕ್ಕವನ್ನೇ ನಕಲು ಮಾಡಿ ಕೊಟ್ಟರೆ ಒಪ್ಪಬೇಡಿ. ಮಲೆನಾಡಿನಲ್ಲಿ ಗಾಳಿಗಿಂತ ನನಗೆ ಹೆಚ್ಚು ಚಿಂತೆ ತೇವದ್ದು: ಉಕ್ಕಿಗೆ ಚದರ ಮೀಟರಿಗೆ 275 ಗ್ರಾಂ ಸತುವಿನ ಲೇಪ ಇದೆಯೇ ನೋಡಿ, ಬಚ್ಚಲು ಮತ್ತು ಅಡುಗೆಮನೆಗೆ ಜಿಪ್ಸಮ್ ಬದಲು ಸಿಮೆಂಟ್ ಬೋರ್ಡನ್ನೇ ಹಾಕಿಸಿ, ಇಳಿಜಾರು ಚಾವಣಿ ಗೋಡೆಯಿಂದ ಎರಡೂವರೆ ಮೂರು ಅಡಿ ಹೊರಚಾಚಲಿ. ತಗಡಿನ ಚಾವಣಿಯಾದರೆ ಅದರಡಿ ದಪ್ಪನೆಯ ಶಾಖನಿರೋಧಕ ಇರಲೇಬೇಕು, ಇಲ್ಲದಿದ್ದರೆ ಆರಿದ್ರಾ ಮಳೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ನಿಮ್ಮ ಕಡೆ ಆನೆಗಳ ಓಡಾಟವಿರುವುದರಿಂದ ಅದನ್ನೂ ಹೇಳಿಬಿಡುತ್ತೇನೆ: ಅಕ್ಕಿ, ಬೆಲ್ಲದ ವಾಸನೆಗೆ ಬಂದ ಆನೆಗೆ ಬೋರ್ಡಿನ ಗೋಡೆ ಲೆಕ್ಕಕ್ಕಿಲ್ಲ, ಇಟ್ಟಿಗೆಯ ಗೋಡೆಯೂ ಅಷ್ಟೇನೂ ಲೆಕ್ಕಕ್ಕಿಲ್ಲ. ದಾಸ್ತಾನು ಇಡುವ ಕೋಣೆಯನ್ನು ಮಲಗುವ ಕೋಣೆಯಿಂದ ದೂರವಿಡುವುದು ಒಳ್ಳೆಯದು.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಈ ಮನೆ ಅಗ್ಗ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ಒಳ್ಳೆಯ ಎಲ್‌ಜಿಎಸ್‌ಎಫ್ ಮನೆಗೆ ಒಳ್ಳೆಯ ಇಟ್ಟಿಗೆಯ ಮನೆಯಷ್ಟೇ, ಕೆಲವೊಮ್ಮೆ ತುಸು ಹೆಚ್ಚೇ ತಗಲುತ್ತದೆ. ನೀವು ಹಣ ಕೊಟ್ಟು ಕೊಳ್ಳುತ್ತಿರುವುದು ಆ ಮೂರು ನಾಲ್ಕು ತಿಂಗಳುಗಳನ್ನು.

ಅರ್ಧ ಮುಂಗಡ ಕೊಡಬೇಡಿ. ಕಂಪನಿಗೆ ಉಕ್ಕು ಕೊಳ್ಳಲು ಹಣ ಬೇಕು ಎಂಬುದು ನ್ಯಾಯವಾದ ಬೇಡಿಕೆಯೇ, ಆದರೆ ಅದು ಬೇಕಾಗುವುದು ಪರವಾನಗಿ ಬಂದು ತಯಾರಿಕೆ ಶುರುವಾಗುವ ದಿನ. ಸಹಿ ಮಾಡುವಾಗ ನಕ್ಷೆ ಮತ್ತು ಲೆಕ್ಕಕ್ಕೆಂದು ಹತ್ತನೇ ಒಂದು ಭಾಗ, ತಯಾರಿಕೆ ಆರಂಭವಾದಾಗ ಶೇ 30, ಚೌಕಟ್ಟುಗಳು ನಿಮ್ಮ ಜಾಗಕ್ಕೆ ಬಂದು ಇಳಿದಾಗ ಶೇ 30, ಚಾವಣಿ ಮತ್ತು ಹೊರಗೋಡೆ ಮುಚ್ಚಿದಾಗ ಶೇ 15, ಕೀಲಿಕೈ ಕೊಡುವಾಗ ಶೇ 10, ಉಳಿದ ಶೇ 5 ಒಂದು ಮಳೆಗಾಲ ಕಳೆದ ಮೇಲೆ ಎಂದು ಕೇಳಿ ನೋಡಿ. ಕೊನೆಯ ಶೇ 5ಕ್ಕೆ ಎಲ್ಲರೂ ಒಪ್ಪುವುದಿಲ್ಲ, ಆದರೆ ಸೋರಿಕೆ ಗೊತ್ತಾಗುವುದು ಆಗಲೇ ಆದ್ದರಿಂದ ಪಟ್ಟು ಹಿಡಿಯುವುದಿದ್ದರೆ ಇದಕ್ಕೇ ಹಿಡಿಯಿರಿ. ಬ್ಯಾಂಕ್ ಸಾಲ ಮಾಡುವುದಿದ್ದರೆ ಮ್ಯಾನೇಜರ್ ಬಳಿ ಮೊದಲೇ ಮಾತಾಡಿ. ಬ್ಯಾಂಕಿನವರು ಜಾಗದಲ್ಲಿ ಎಷ್ಟು ಕೆಲಸ ಕಾಣುತ್ತದೋ ಅಷ್ಟಕ್ಕೆ ಕಂತು ಬಿಡುತ್ತಾರೆ. ನಿಮ್ಮ ಮನೆ ಕಾರ್ಖಾನೆಯಲ್ಲಿ ಸಿದ್ಧವಾಗುತ್ತಿರುವಾಗ ಜಾಗದಲ್ಲಿ ಬರಿಯ ಪಾಯ ಕಾಣುತ್ತದೆ. ಈ ಅಡಚಣೆಯಿಂದಲೇ ನಿಂತುಹೋದ ಕೆಲಸಗಳಿವೆ. ಒಪ್ಪಂದದಲ್ಲಿ 45 ದಿನಗಳ ಮೊದಲ ದಿನ ಯಾವುದು, ಕೊನೆಯ ದಿನ ಯಾವ ಕೆಲಸ ಮುಗಿದಿರಬೇಕು ಎಂಬುದನ್ನು ಬರೆಸಿ. ಪಾಯ, ಸೆಪ್ಟಿಕ್ ಟ್ಯಾಂಕ್, ಸಂಪು, ಕಿಟಕಿಯ ಗ್ರಿಲ್, ಅಡುಗೆಮನೆಯ ಕಟ್ಟೆ, ಮೀಟರ್ ಬೋರ್ಡು ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂದು ಹೆಸರು ಹಿಡಿದು ಬರೆಸಿ. ಕೀಲಿಕೈ ಕೊಡುತ್ತೇವೆ ಎನ್ನುವ ಮಾತಿನಲ್ಲಿ ಇವು ಎಷ್ಟೋ ಸಲ ಇರುವುದಿಲ್ಲ. ಸಹಿಗೆ ಮುನ್ನ ಅವರ ಕಾರ್ಖಾನೆಯನ್ನೂ, ಮಲೆನಾಡಿನಲ್ಲಿಯೋ ಕರಾವಳಿಯಲ್ಲಿಯೋ ಅವರು ಕಟ್ಟಿ ಮೂರು ಮಳೆಗಾಲ ಕಂಡ ಒಂದು ಮನೆಯನ್ನೂ ಹೋಗಿ ನೋಡಿ. ಅಂಥ ಮನೆ ತೋರಿಸಲಾಗದ ಕಂಪನಿಗೆ ನೀವು ಮೊದಲ ಪ್ರಯೋಗವಾಗುವುದು ಬೇಡ.

ಇಷ್ಟನ್ನೂ ಕ್ಯಾಲೆಂಡರಿಗೆ ಇಳಿಸಿದರೆ ಹೀಗಾಗುತ್ತದೆ. ಆಗಸ್ಟ್ ಮತ್ತು ಸೆಪ್ಟೆಂಬರ್ ಕಾಗದಪತ್ರ, ಮಣ್ಣಿನ ಪರೀಕ್ಷೆ ಮತ್ತು ನಕ್ಷೆಗೆ ಮೀಸಲು. ಮಳೆಯಲ್ಲಿ ಹೇಗೂ ಅಗೆಯಲಾಗದು. ಅಕ್ಟೋಬರ್‌ನಲ್ಲಿ ಪರವಾನಗಿ ಕೈಗೆ ಬರಬೇಕು, ಹಸ್ತ-ಚಿತ್ತ ಮಳೆಗಳು ಹಿಂದೆ ಸರಿಯುತ್ತಿದ್ದಂತೆ ಪಾಯಕ್ಕೆ ಕೈ ಹಾಕಬೇಕು, ಅದೇ ವಾರ ಕಾರ್ಖಾನೆಗೆ ತಯಾರಿಕೆಯ ಒಪ್ಪಿಗೆ ಕೊಡಬೇಕು. ನಡುವೆ ದೀಪಾವಳಿಗೆ ಕೆಲಸದವರು ಊರಿಗೆ ಹೋಗುತ್ತಾರೆಂದು ಹತ್ತು ದಿನ ಬಿಟ್ಟುಕೊಳ್ಳಿ. ನವೆಂಬರ್ ಕೊನೆಗೆ ಪಾಯ ಮುಗಿದು, ಡಿಸೆಂಬರ್‌ನಲ್ಲಿ ಚೌಕಟ್ಟು ಎದ್ದು ಚಾವಣಿ ಮುಚ್ಚಿದರೆ, ಒಳಗಿನ ಕೆಲಸಕ್ಕೆ ಜನವರಿ ಮತ್ತು ಫೆಬ್ರುವರಿ ಸಿಗುತ್ತವೆ. ಕಾಫಿ ಕೊಯ್ಲು ನಡೆಯುವ ಈ ತಿಂಗಳುಗಳಲ್ಲಿ ನಿಮ್ಮ ಕಡೆ ಆಳು ಸಿಗುವುದಿಲ್ಲವಾದ್ದರಿಂದ, ಒಳಗಿನ ಕೆಲಸದವರನ್ನು ಕಂಪನಿಯೇ ಕರೆತರಬೇಕೆಂದು ಒಪ್ಪಂದದಲ್ಲಿ ಸೇರಿಸಿ. ಮಾರ್ಚ್ ತಿಂಗಳು ಬಾಕಿ ಉಳಿದದ್ದಕ್ಕೆ. ಇ-ಸ್ವತ್ತು ಸೆಪ್ಟೆಂಬರ್ ಕೊನೆಗೂ ಬರದಿದ್ದರೆ ಯುಗಾದಿಯನ್ನು ಬಿಟ್ಟುಬಿಡಿ, ಅವಸರದಲ್ಲಿ ಕ್ಯೂರಿಂಗ್ ಕಡಿಮೆ ಮಾಡಬೇಡಿ. ಮೇ ತಿಂಗಳ ಮುಹೂರ್ತ ನೋಡಿಸಿ. ಅದೂ ತಪ್ಪುವಂತಿದ್ದರೆ ಚಾವಣಿ ಮತ್ತು ಹೊರಗೋಡೆಯನ್ನಾದರೂ ಮಳೆಗೆ ಮುನ್ನ ಮುಚ್ಚಿಸಿಕೊಂಡು, ಒಳಗಿನ ಕೆಲಸವನ್ನು ಮಳೆಯಲ್ಲಿ ನಿಧಾನವಾಗಿ ನಡೆಸಬಹುದು. ತೆರೆದ ಚೌಕಟ್ಟನ್ನು ಮಾತ್ರ ಮಳೆಗೆ ಬಿಡಬಾರದು.

ನಿಮ್ಮ ಮೇಸ್ತ್ರಿಯನ್ನು ದೂರ ಮಾಡಿಕೊಳ್ಳಬೇಡಿ. ಪಾಯ, ಸೆಪ್ಟಿಕ್ ಟ್ಯಾಂಕ್, ಮೆಟ್ಟಿಲು, ಮನೆ ಸುತ್ತಲಿನ ನೀರು ಹೋಗುವ ಚರಂಡಿ ಎಲ್ಲವನ್ನೂ ಅವರಿಗೇ ವಹಿಸಿ. ಆ ಮಣ್ಣು ಅವರಿಗೆ ಗೊತ್ತು. ಆದರೆ ಅವರಿಗೆ ಒಂದು ಹೊಸ ಶಿಸ್ತು ಹೇಳಬೇಕಾಗುತ್ತದೆ. ಇಟ್ಟಿಗೆಯ ಮನೆಯ ಪಾಯ ಅರ್ಧ ಇಂಚು ಏರುಪೇರಾದರೆ ಗಾರೆಯಲ್ಲಿ ಸರಿಹೋಗುತ್ತದೆ, ಇಲ್ಲಿ ಮಟ್ಟದಲ್ಲಿ ಐದು ಮಿಲಿಮೀಟರ್ ತಪ್ಪಿದರೂ ಚೌಕಟ್ಟು ಕೂರುವುದಿಲ್ಲ. ಬೋಲ್ಟುಗಳ ಜಾಗಕ್ಕೆ ಕಂಪನಿಯಿಂದ ಉಕ್ಕಿನ ಅಚ್ಚನ್ನು ಮುಂಚಿತವಾಗಿ ತರಿಸಿ ಮೇಸ್ತ್ರಿಯ ಕೈಗೆ ಕೊಡಿ. ಎರಕದ ದಿನ ಕಂಪನಿಯ ಎಂಜಿನಿಯರ್ ಲೆವೆಲ್ ಉಪಕರಣದೊಂದಿಗೆ ಸ್ಥಳದಲ್ಲಿರಬೇಕು, ಅಳತೆ ಸರಿಯಿದೆಯೆಂದು ಅಂದೇ ಬರೆದು ಸಹಿ ಹಾಕಿಕೊಡಬೇಕು. ಆ ಕಾಗದ ನಿಮ್ಮಲ್ಲಿದ್ದರೆ, ಚೌಕಟ್ಟು ಬಂದ ದಿನ ತಪ್ಪು ಪಾಯದ್ದೋ ಕಾರ್ಖಾನೆಯದ್ದೋ ಎಂದು ಮೇಸ್ತ್ರಿ ಮತ್ತು ಕಂಪನಿ ವಾದಕ್ಕೆ ನಿಲ್ಲುವ ಪ್ರಸಂಗ ಬರುವುದಿಲ್ಲ.